ಇಬ್ಬರು ಹುಡುಗಿಯರು ಭಾರತದಲ್ಲಿ ಮದುವೆಯಾಗಬಹುದಾ?

ಉಯಿಲು, ಕರಾರುಪತ್ರ ಬರೆದುಕೊಡೋದು ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆ ಆಗಾಗ ಬರುತ್ತದೆ. ಹೆಚ್ಚಿನವರು "ನನ್ನ ಸ್ನೇಹಿತೆ ಒಬ್ಬಳು ಕೇಳ್ತಿದಾಳೆ" ಅಂತಲೇ ಶುರು ಮಾಡುತ್ತಾರೆ. ನಾನೂ ಆ ಸ್ನೇಹಿತೆಗೇ ಉತ್ತರ ಹೇಳುತ್ತೇನೆ.

ಇವತ್ತಿಗೆ ಆಗಲ್ಲ. ಇಬ್ಬರು ಹುಡುಗರಿಗೂ ಅಷ್ಟೇ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನಿನ ಹಲ್ಲು ಕಿತ್ತಿತು, ಪ್ರೀತಿ ಅಪರಾಧವಲ್ಲ ಅಂತಾಯಿತು. ಆದರೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲಿಲ್ಲ, ಅದು ಸಂಸತ್ತಿನ ಕೆಲಸ ಅಂದಿತು. ಮರುಪರಿಶೀಲನೆ ಅರ್ಜಿಗಳೂ 2025ರ ಜನವರಿಯಲ್ಲಿ ಬಿದ್ದುಹೋದವು. ವಿಶೇಷ ವಿವಾಹ ಕಾಯ್ದೆಯಲ್ಲಿ ಗಂಡಿಗೆ 21, ಹೆಣ್ಣಿಗೆ 18 ಅಂತಿದೆ. ಸಹಿ ಹಾಕುವ ಜಾಗದಲ್ಲಿ ಒಂದು ಕಡೆ ವರ, ಒಂದು ಕಡೆ ವಧು. ಫಾರಂ ಅಲ್ಲಿಗೇ ನಿಲ್ಲುತ್ತದೆ. ಒಂದು ಮಾತು ಜನ ಮರೆಯುತ್ತಾರೆ: ಒಬ್ಬರು ಟ್ರಾನ್ಸ್ ಆಗಿದ್ದು, ಇಬ್ಬರದು ಗಂಡು-ಹೆಣ್ಣಿನ ಸಂಬಂಧವಾಗಿದ್ದರೆ ಈಗಿರುವ ಕಾನೂನಿನಲ್ಲೇ ಮದುವೆಯಾಗಬಹುದು. ಅದೇ ತೀರ್ಪು ಹೇಳಿದೆ.

"ಹಾಗಾದ್ರೆ ಥಾಯ್ಲೆಂಡ್‌ಗೆ ಹೋಗಿ ಆಗೋಣ್ವಾ?" ಆಗಬಹುದು. 2025ರ ಜನವರಿ 23ರಿಂದ ಅಲ್ಲಿ ಕಾನೂನಿದೆ. ಕೆನಡಾದಂಥ ದೇಶಕ್ಕೆ ಹೋಗಿ ನೆಲೆಸುವವರಿಗೆ ಆ ಸರ್ಟಿಫಿಕೇಟ್ ಕೆಲಸಕ್ಕೆ ಬರುತ್ತದೆ. ವಾಪಸ್ ಬಂದು ಇಲ್ಲೇ ಇರುವುದಾದರೆ, ಇಲ್ಲಿನ ಕಚೇರಿಗಳ ಲೆಕ್ಕದಲ್ಲಿ ನೀವು ಇಬ್ಬರು ಒಂಟಿ ಹೆಂಗಸರು.

ಅದಕ್ಕೇ ನಾನು ಮದುವೆಗಿಂತ ಮೊದಲು ಉಯಿಲಿನ ಮಾತೆತ್ತುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಪ್ರೀತಿಯ ವಿಷಯ ಕೇಳಿದರೆ ಸಾವಿನ ವಿಷಯ ಹೇಳ್ತಾನಲ್ಲ ಅಂತ. ಏನು ಮಾಡೋದು, ಹೆಂಡತಿಗೆ ತಾನಾಗಿ ಸಿಗುವ ಪಾಲು ಸಂಗಾತಿಗೆ ಸಿಗಬೇಕಾದರೆ ಬರೆದೇ ಇಡಬೇಕು. ಜಾಯಿಂಟ್ ಅಕೌಂಟ್ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ನಾಮಿನಿ ಅಂದ್ರೆ ವಾರಸುದಾರ ಅಲ್ಲ. ಬ್ಯಾಂಕಿನ ದುಡ್ಡು ನಾಮಿನಿಯ ಕೈಗೆ ಬಂದರೂ ಅಣ್ಣತಮ್ಮಂದಿರು ಬಂದು ಕೇಳಬಹುದು. ಪವರ್ ಆಫ್ ಅಟಾರ್ನಿ ಇದೆಯಲ್ಲ ಅಂತಾರೆ ಕೆಲವರು. ಬರೆದುಕೊಟ್ಟವರ ಉಸಿರಿನ ಜೊತೆಗೇ ಅದೂ ಹೋಗುತ್ತದೆ. ಇನ್ನು ಕೊನೆಗಾಲದ ಚಿಕಿತ್ಸೆ ಹೇಗಿರಬೇಕು ಅನ್ನೋದಕ್ಕೆ ಲಿವಿಂಗ್ ವಿಲ್ ಇದೆ. 2023ರಿಂದ ಅದು ಸುಲಭವಾಗಿದೆ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ನೋಟರಿ ಮುಂದೆ ಮಾಡಿಸಿದರೆ ಸಾಕು.

ಉಯಿಲಿಗೆ ಸ್ಟಾಂಪ್ ಪೇಪರ್ ಬೇಡ, ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ. ಆದರೂ ಮಾಡಿಸಿ ಅಂತೀನಿ, ಮನೆಯವರು ತಕರಾರು ತೆಗೆಯುವ ಸಾಧ್ಯತೆ ಇಲ್ಲಿ ಜಾಸ್ತಿ. ಎರಡು ಸಾಕ್ಷಿ ಬೇಕೇ ಬೇಕು. ಒಮ್ಮೆ ಇಬ್ಬರು ತಾವೇ ಬರೆದ ಉಯಿಲು ತಂದಿದ್ದರು. ಅಕ್ಷರ ಮುದ್ದಾಗಿತ್ತು, ಪ್ರತಿ ಪುಟಕ್ಕೂ ಸಹಿ ಇತ್ತು. ಕೊನೇ ಪುಟ ನೋಡಿದೆ. ಆಸ್ತಿ ಯಾರಿಗೆ ಹೋಗಬೇಕೋ ಅವಳೇ ಸಾಕ್ಷಿ ಹಾಕಿದ್ದಳು! ಕ್ರೈಸ್ತರಿಗೆ ಅನ್ವಯಿಸುವ ಕಾನೂನಿನಲ್ಲಾದರೆ ಅವಳಿಗೆ ಕೊಟ್ಟದ್ದೇ ರದ್ದು. ಬೇರೆಯವರಿಗೂ ಅದು ಸುಮ್ನೆ ಜಗಳಕ್ಕೆ ದಾರಿ.

"ಬೇರೆ ಯಾರನ್ನ ಕರೆಯೋದು ಸರ್, ಎಲ್ಲರಿಗೂ ಗೊತ್ತಾಗುತ್ತಲ್ಲ" ಅಂದಳು. ಸಾಕ್ಷಿ ಹಾಕುವವರು ಒಳಗಿನದು ಓದಬೇಕಾಗಿಲ್ಲ, ನೀವು ಸಹಿ ಮಾಡಿದ್ದನ್ನು ನೋಡಿದರೆ ಸಾಕು ಅಂದೆ. ಮುಂದಿನ ವಾರ ಆಫೀಸಿನ ಇಬ್ಬರನ್ನು ಕರೆತಂದರು. ಅವರು ಮೇಲಿನ ಪುಟಗಳನ್ನು ತಿರುವಿಯೂ ನೋಡಲಿಲ್ಲ, ತೋರಿಸಿದ ಜಾಗದಲ್ಲಿ ಸಹಿ ಹಾಕಿ ಹೊರಟರು.