ಕೇಳಿದ್ದರೆ ಸಿಗುತ್ತಿತ್ತು

ಎರಡು ದಿನದಿಂದ ಜಾರ್ಜ್ ಮಾರ್ಷಲ್ ತಲೆಯಲ್ಲಿ ಕೂತುಬಿಟ್ಟಿದ್ದಾರೆ. ಶಾಲೆಯಲ್ಲಿ 'ಮಾರ್ಷಲ್ ಯೋಜನೆ' ಅಂತ ಉರು ಹೊಡೆದಿದ್ದೇ ಬಂತು, ಮನುಷ್ಯ ಯಾರು ಅಂತ ಯಾರೂ ಹೇಳಲಿಲ್ಲ.

1939ರ ಸೆಪ್ಟೆಂಬರ್ 1ರಂದು ಅಮೆರಿಕದ ಸೇನಾ ಮುಖ್ಯಸ್ಥರಾದರು. ಹಿಟ್ಲರ್ ಪೋಲೆಂಡಿಗೆ ನುಗ್ಗಿದ್ದೂ ಅದೇ ದಿನ! ಎರಡು ಲಕ್ಷದಷ್ಟಿದ್ದ ಸೈನ್ಯವನ್ನು 80 ಲಕ್ಷ ದಾಟಿಸಿದರು. ಆಮೇಲೆ ಹಿಟ್ಲರ್ ವಶದಲ್ಲಿದ್ದ ಫ್ರಾನ್ಸ್ ಬಿಡಿಸುವ ನಾರ್ಮಂಡಿ ದಾಳಿಯ ನಾಯಕತ್ವ ಯಾರಿಗೆ ಅನ್ನೋ ಪ್ರಶ್ನೆ ಬಂತು. ನಿಮಗೆ ಬೇಕಾ ಅಂತ ಅಧ್ಯಕ್ಷ ರೂಸ್‌ವೆಲ್ಟ್ ಇವರನ್ನೇ ಕೇಳಿದರು. ಹೂಂ ಅಂದಿದ್ದರೆ ಸಾಕಿತ್ತು. ದೇಶಕ್ಕೆ ಯಾವುದು ಒಳ್ಳೆಯದೋ ಅದನ್ನು ಮಾಡಿ, ನನ್ನ ಇಷ್ಟ ನೋಡಬೇಡಿ ಅಂದರು ಪುಣ್ಯಾತ್ಮ. ನೀವು ವಾಷಿಂಗ್ಟನ್‌ನಲ್ಲಿ ಇಲ್ಲದಿದ್ದರೆ ನನಗೆ ನಿದ್ದೆ ಬರಲ್ಲ ಅಂದರು ರೂಸ್‌ವೆಲ್ಟ್. ಅವಕಾಶ ಇವರೇ ಬೆಳೆಸಿದ ಜನರಲ್ ಐಸೆನ್‌ಹೋವರ್ ಪಾಲಾಯಿತು. ಕೊನೆಗೆ ಅಧ್ಯಕ್ಷ ಪದವಿಯೂ.

1947ರಲ್ಲಿ ಹಾರ್ವರ್ಡ್‌ನಲ್ಲಿ ಒಂದು ಚಿಕ್ಕ ಭಾಷಣ, ಅದರಿಂದ ಯುದ್ಧದಲ್ಲಿ ಹಾಳಾದ ಯುರೋಪಿಗೆ ಸುಮಾರು 1300 ಕೋಟಿ ಡಾಲರ್ ನೆರವು. ಅದೇ ಮಾರ್ಷಲ್ ಯೋಜನೆ. 1953ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ. ಅದೂ ಒಬ್ಬ ಸೈನಿಕನಿಗೆ! ಆತ್ಮಕಥೆ ಮಾತ್ರ ಬರೆಯಲೇ ಇಲ್ಲ. ಈಗಿನವರಾಗಿದ್ದರೆ ಮೂರು ಸಂಪುಟ ಬಂದಿರುತ್ತಿತ್ತು, ಅಲ್ವಾ?

ನನಗೆ ಸಿಟ್ಟು ಬಂದಿದ್ದು ಬೇರೆ ಕಡೆ. 1951ರಲ್ಲಿ ಸೆನೆಟರ್ ಮೆಕಾರ್ಥಿ ಇವರ ದೇಶನಿಷ್ಠೆಯನ್ನೇ ಅನುಮಾನಿಸಿದ. ಮರುವರ್ಷ ಚುನಾವಣಾ ಪ್ರಚಾರದಲ್ಲಿ ಐಸೆನ್‌ಹೋವರ್, ಮೆಕಾರ್ಥಿಯ ರಾಜ್ಯವಾದ ವಿಸ್ಕಾನ್ಸಿನ್‌ನಲ್ಲಿ ಮಾತಾಡಬೇಕಿತ್ತು. ಭಾಷಣದಲ್ಲಿ ಮಾರ್ಷಲ್ ಪರವಾಗಿ ಒಂದು ಪ್ಯಾರಾ ಇತ್ತು. ಅದನ್ನು ಸುಮ್ನೆ ತೆಗೆದುಹಾಕಿದರು. ತನ್ನನ್ನು ಬೆಳೆಸಿದವನಿಗೆ ಒಂದು ಪ್ಯಾರಾ ಕೂಡ ಜಾಸ್ತಿಯಾಯಿತಾ?