ಹುಲ್ಲುಹಾಸಿನ ಹಾವಸೆ: ಮೊದಲು ಗುರುತಿಸಿ, ಆಮೇಲೆ ಕೆರೆಯಿರಿ

ಬ್ರಿಟನ್ನಿನಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಹಿತ್ತಲಿನ ಲಾನ್ ಮೇಲೆ ಕಾಲಿಟ್ಟರೆ ಮೆತ್ತಗೆ ಕುಸಿದು ಮತ್ತೆ ಏಳುವ ಹಸಿರು, ಬಹುಪಾಲು ರಿಟಿಡಿಯಾಡೆಲ್ಫಸ್ ಸ್ಕ್ವಾರೋಸಸ್ ಎಂಬ ಹಾವಸೆ. ಒಂದು ಎಳೆ ಕಿತ್ತು ನೋಡಿ. ಕಾಂಡ ಕೆಂಪು. ಎಲೆಯ ಬುಡ ಕಾಂಡವನ್ನು ತಬ್ಬಿದ್ದರೂ ತುದಿ ಹೊರಕ್ಕೆ ಲಂಬವಾಗಿ ಬಾಗಿರುತ್ತದೆ. ಅದಕ್ಕೇ ಮೇಲಿನಿಂದ ಪುಟ್ಟ ನಕ್ಷತ್ರದಂತೆ ಕಾಣುತ್ತದೆ. ಎಳೆಯ ತುದಿ ಈಟಿಯ ಮೊನೆಯಂತೆ ಚೂಪಾಗಿದ್ದರೆ ಅದು ಬೇರೆ ಜಾತಿ, ಕ್ಯಾಲಿಯರ್ಗೊನೆಲ್ಲಾ ಕಸ್ಪಿಡೇಟಾ. ಅಂಥ ಕಡೆ ಮೊದಲು ನೀರು ಬಸಿಯುತ್ತಿದೆಯೇ ಎಂದು ಪರೀಕ್ಷಿಸಿ.

ಲಾನಿನ ಈ ನಕ್ಷತ್ರದಂಥ ಹಾವಸೆಗೆ ನಿಜವಾದ ಬೇರಿಲ್ಲ, ನೀರನ್ನು ಎಲೆಯಿಂದಲೇ ಹೀರುತ್ತದೆ. ಬೇಸಿಗೆಯಲ್ಲಿ ಒಣಗಿ ಬಿಳಿಚಿಕೊಂಡದ್ದು ಸತ್ತಿತೆಂದು ನಂಬಬೇಡಿ, ಮಳೆ ಬಿದ್ದರೆ ಚಿಗುರುತ್ತದೆ. ಗಂಡು ಹೆಣ್ಣು ಗಿಡಗಳು ಬೇರೆ ಬೇರೆ. ಬೀಜಕಕೋಶ (ಬೀಜದ ಬದಲು ಹಾವಸೆ ಉದುರಿಸುವ ಸೂಕ್ಷ್ಮ ಕಣಗಳ ಚೀಲ) ಕಾಣುವುದೇ ಅಪರೂಪ. ಹರಡುವುದು ಹೆಚ್ಚಾಗಿ ತುಂಡುಗಳಿಂದ. ಹಸಿರಿರುವಾಗಲೇ ಜೋರಾಗಿ ಕೆರೆದರೆ ಲಾನ್ ತುಂಬ ನೆಟ್ಟಂತಾಗುವುದು ಇದೇ ಕಾರಣಕ್ಕೆ.

ಹಾಗಾಗಿ ಮೊದಲು ಸಾಯಿಸಬೇಕು. ವಸಂತದಲ್ಲಿ ಅಥವಾ ಸೆಪ್ಟೆಂಬರಿನಲ್ಲಿ, ನೆಲ ತೇವವಿದ್ದಾಗ, ಅನ್ನಭೇದಿ (ಫೆರಸ್ ಸಲ್ಫೇಟ್) ಇರುವ ಹಾವಸೆನಾಶಕವನ್ನು ಪೊಟ್ಟಣದಲ್ಲಿ ಹೇಳಿದ ಅಳತೆಯಲ್ಲೇ ಹಾಕಿ. ಹೆಚ್ಚಾದರೆ ಹುಲ್ಲೂ ಸುಡುತ್ತದೆ. ಕಲ್ಲುಹಾಸಿನ ಮೇಲೆ ಬೀಳಬಾರದು, ತುಕ್ಕಿನ ಕಲೆ ಹೋಗುವುದಿಲ್ಲ. ಸುಮಾರು ಎರಡು ವಾರದಲ್ಲಿ ಹಾವಸೆ ಪೂರ್ತಿ ಕಪ್ಪಾದ ಮೇಲೆ ತಂತಿಹಲ್ಲಿನ ರೇಕ್‌ನಿಂದ ಎಳೆದು ತೆಗೆಯಿರಿ. ಬೋಳಾದ ಜಾಗಕ್ಕೆ ಚದರ ಮೀಟರಿಗೆ 10ರಿಂದ 15 ಗ್ರಾಂ ಹುಲ್ಲಿನ ಬೀಜ ಎರಚಿ. ಇದನ್ನು ಬಿಟ್ಟರೆ ಖಾಲಿ ಮಣ್ಣಿಗೆ ಮತ್ತೆ ಹಾವಸೆಯೇ ಬರುತ್ತದೆ.

ಆದರೆ ಔಷಧಿ ತಾತ್ಕಾಲಿಕ. ಹುಲ್ಲು ಸೊರಗಿರುವುದೇ ಮೂಲ ಕಾರಣ: ನೆರಳು, ತುಳಿದು ಗಟ್ಟಿಯಾದ ಮಣ್ಣು, ಗೊಬ್ಬರದ ಕೊರತೆ, ಎಲ್ಲಕ್ಕಿಂತ ಹೆಚ್ಚಾಗಿ ತೀರಾ ಗಿಡ್ಡ ಕತ್ತರಿಸುವ ಚಟ. ಮೆಷಿನ್ನಿನ ಬ್ಲೇಡನ್ನು 3–4 ಸೆಂ.ಮೀ.ಗೆ ಏರಿಸಿ. ಗಾರ್ಡನ್ ಫೋರ್ಕ್ ಚುಚ್ಚಿ ಮಣ್ಣಿಗೆ ಗಾಳಿಯಾಡಿಸಿ. ಸುಣ್ಣ ಎರಚಿದರೆ ಸಾಕು ಎಂಬ ಸಲಹೆ ಎಲ್ಲೆಡೆ ಓಡಾಡುತ್ತದೆ. ಮಣ್ಣಿನ ಪಿಎಚ್ (ಮಣ್ಣು ಎಷ್ಟು ಆಮ್ಲೀಯ ಎಂಬ ಅಳತೆ) ನೋಡದೆ ಹಾಕಬೇಡಿ. ಈ ಜಾತಿ ಸುಣ್ಣದಂಶವಿರುವ ಹುಲ್ಲುಗಾವಲಲ್ಲೂ ಚೆನ್ನಾಗಿಯೇ ಬೆಳೆಯುತ್ತದೆ.

ದಟ್ಟ ಮರದ ನೆರಳಿದ್ದರೆ ಹೋರಾಟವೇ ಬೇಡ. ಅಲ್ಲಿ ಹುಲ್ಲಿಗಿಂತ ಹಾವಸೆ ಚೆಂದ, ಕತ್ತರಿಸುವ ಕೆಲಸವೂ ಇಲ್ಲ. ಉದುರಿದ ಎಲೆಗಳನ್ನು ಆಗಾಗ ಗುಡಿಸಿ ತೆಗೆದರಾಯಿತು.