ಹೆಸರಿಲ್ಲದೆ ಅಚ್ಚಾದ ಹಾಡು

ರಾತ್ರಿ ಊಟ ಆದ ಮೇಲೆ ಸುಮ್ನೆ ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಪದ್ಯ ಓದುತ್ತಾ ಕೂತೆ. 'ಎ ಮ್ಯಾನ್ಸ್ ಎ ಮ್ಯಾನ್ ಫಾರ್ ಎ ದಟ್', ಅಂದರೆ ಏನೇ ಇರಲಿ, ಮನುಷ್ಯ ಮನುಷ್ಯನೇ. ನಿದ್ದೆ ಹಾರಿಹೋಯಿತು.

1795ರ ಆಗಸ್ಟ್‌ನಲ್ಲಿ 'ಗ್ಲಾಸ್ಗೋ ಮ್ಯಾಗಜೀನ್' ಪತ್ರಿಕೆಯಲ್ಲಿ ಇದು ಅಚ್ಚಾದಾಗ ಕವಿಯ ಹೆಸರೇ ಇರಲಿಲ್ಲ. ಹಾಕೋದಾದರೂ ಹೇಗೆ? ಬರ್ನ್ಸ್ ಡಂಫ್ರೀಸ್‌ನಲ್ಲಿ ಅಬಕಾರಿ ನೌಕರ. ಸಂಬಳ ಸರ್ಕಾರದ್ದು. ಅವನ ರಾಜನಿಷ್ಠೆಯ ಬಗ್ಗೆ ದೂರು ಹೋಗಿ 1792ರ ಕೊನೆಯಲ್ಲೇ ವಿಚಾರಣೆ ಶುರುವಾಗಿತ್ತು. ಮರುವರ್ಷ, ರಾಜಕೀಯ ಸುಧಾರಣೆ ಬೇಕು ಅಂದ ವಕೀಲ ಥಾಮಸ್ ಮ್ಯೂರ್‌ಗೆ ಎಡಿನ್‌ಬರೋದ ಕೋರ್ಟು 14 ವರ್ಷ ಗಡಿಪಾರು ವಿಧಿಸಿತು. ಬರ್ನ್ಸ್ ಮನೆಯಲ್ಲಿ ಹೆಂಡತಿ, ಚಿಕ್ಕ ಮಕ್ಕಳು. ಆ ಭಯ ನನಗೆ ಅರ್ಥವಾಗುತ್ತದೆ.

ಆದರೂ ಬರೆದ, ನೋಡಿ! ಪದ್ಯದಲ್ಲಿ ಒಬ್ಬ ಲಾರ್ಡ್ ಬರುತ್ತಾನೆ. ಎದೆ ಸೆಟೆಸಿ ನಡೆಯುತ್ತಾನೆ, ಎಲ್ಲರನ್ನೂ ದಿಟ್ಟಿಸುತ್ತಾನೆ. ನೂರಾರು ಜನ ಅವನ ಮಾತಿಗೆ ಕೈಮುಗಿಯುತ್ತಾರೆ. ಅವನಿಗೆ ಬರ್ನ್ಸ್ ಕೊಡುವ ಹೆಸರು 'ಕೂಫ್'. ಸ್ಕಾಟ್ಸ್ ಮಾತಿನಲ್ಲಿ ಪೆದ್ದ ಅಂತ. ಆಸ್ಥಾನದ ಇಂಗ್ಲಿಷ್ ಅಲ್ಲ, ಹೊಲದಲ್ಲಿ ಆಡುವ ಪದ. ಅದಕ್ಕೇ ಏಟು ಜಾಸ್ತಿ ಅಲ್ವಾ?

ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಾಲು. ಪದವಿ ಅನ್ನೋದು ಗಿನಿ ಅನ್ನೋ ಚಿನ್ನದ ನಾಣ್ಯದ ಮೇಲಿನ ಮುದ್ರೆ ಅಷ್ಟೇ, ಚಿನ್ನ ಮನುಷ್ಯನೇ ಅನ್ನುತ್ತಾನೆ. ಇಷ್ಟು ಬರೆದವನು ಮುಂದಿನ ಜುಲೈನಲ್ಲಿ ತೀರಿಕೊಂಡ. ಬರೀ 37 ವರ್ಷ.

1999ರ ಜುಲೈ 1ರಂದು ಸ್ಕಾಟ್ಲೆಂಡಿನ ಹೊಸ ಪಾರ್ಲಿಮೆಂಟ್ ಉದ್ಘಾಟನೆಯಲ್ಲಿ ಗಾಯಕಿ ಶೀನಾ ವೆಲಿಂಗ್ಟನ್ ಇದನ್ನೇ ಹಾಡಿದರು, ರಾಣಿಯ ಎದುರಿಗೇ. ಕೊನೆಯ ಚರಣಕ್ಕೆ ಸದಸ್ಯರೂ ದನಿಗೂಡಿಸಿದರು.